ಹತ್ತಿ ಜಿನ್ನಿನ ಗೋಡೆಯ ಪದ್ಯ

ಹರಿಹರ
೧೨-೯-೧೯೬೬

ಚಿ. ಸುಂಕಲಮ್ಮನಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂತು. ಮೊದಲ ಸಲ ನಿಂತು ಓದಿದೆ, ಎರಡನೆಯ ಸಲ ಕೂತು ಓದಿದೆ. ಅಷ್ಟರಲ್ಲಿ ನಿನ್ನವ್ವ ತಟ್ಟೆ ತಂದಿಟ್ಟಳು. ಮುದ್ದೆ ಆರಿತು, ನಾನು ಆರಲಿಲ್ಲ.

ನಿನ್ನನ್ನು ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜಿಗೆ ಕಳಿಸಿದ್ದು ಯಂತ್ರ ಕಲಿಯಲಿ ಎಂದು. ಈಗ ಅಲ್ಲಿ ಬರೆಯುವುದನ್ನೂ ಕಲಿಸುತ್ತಾರಂತೆ, ಅದಕ್ಕೆ ‘ಟೆಕ್ನಿಕಲ್ ರೈಟಿಂಗ್’ ಎಂದು ಹೆಸರಂತೆ. ಕಲಿಸಲಿ. ಆದರೆ ಆ ಲೆಕ್ಚರರು, ಯಾರವರು, ರಾಮಚಂದ್ರಪ್ಪನವರು, ಮೊದಲ ದಿನವೇ ‘ಯಾರಿಗಾದರೂ ಸಾಹಿತ್ಯದ ಹುಚ್ಚಿದ್ದರೆ ಬಾಗಿಲು ತೆರೆದೇ ಇದೆ’ ಎಂದರಂತಲ್ಲ, ಆ ಬಾಗಿಲಿನಿಂದ ನೀನು ಆಗಲೇ ಎದ್ದು ಬರಬೇಕಿತ್ತು. ಬರಲಿಲ್ಲ. ಬದಲಿಗೆ ನೋಟ್ಸು ಬರೆದುಕೊಂಡೆಯಂತೆ. ಪಂಡಿತನ ಮನೆಯಲ್ಲಿ ಹುಟ್ಟಿ ಇಂಥ ತಾಳ್ಮೆ ನಿನಗೆ ಎಲ್ಲಿಂದ ಬಂತೋ, ನಿನ್ನವ್ವನ ಕಡೆಯಿಂದ ಇರಬೇಕು.

ಮೈಸೂರಿಗೆ ಹೋಗಿ ಕನ್ನಡದಲ್ಲೇ ಬಿ.ಎ. ಮಾಡಿ ಬಂದವನು ನಾನು. ಅಂದಿನಿಂದ ಈ ಊರಿನ ಕಟ್ಟೆಯ ಮೇಲೆ ಒಂದೇ ಪ್ರಶ್ನೆ: ಕನ್ನಡ ಓದೋಕೆ ಅಲ್ಲೀತನಕ ಯಾಕ ಹೋದ್ರಿ ಪಂಡಿತರೆ, ಇಲ್ಲಿ ನಾವೇನು ತುರ್ಕಿ ಮಾತಾಡ್ತೀವಾ? ಕಟ್ಟೆಯವರ ಮಾತು ಬಿಡು. ಕಾಲೇಜಿನವರೂ ಕಟ್ಟೆಗೇ ಬಂದು ಕೂತರೆ ಹೇಗೆ?

ಇನ್ನೊಂದು ಸಂಗತಿ. ಹೊಳೆದಂಡೆಯ ಜಿನ್ನಿಂಗ್ ಫ್ಯಾಕ್ಟರಿಯ ಮ್ಯಾನೇಜರು ನಿನ್ನೆ ನಮ್ಮ ಹೈಸ್ಕೂಲಿಗೆ ಬಂದಿದ್ದರು. ಹತ್ತಿಯಿಂದ ಬೀಜ ಬಿಡಿಸುವ ಆ ಮಿಷನ್ನುಗಳ ಮುಂದೆ ಕೆಲಸ ಮಾಡುವವರೆಲ್ಲ ಗುತ್ತೂರಿನ ಕಡೆಯ ಹೆಂಗಸರು. ಅವರಿಗಾಗಿ ಎಚ್ಚರಿಕೆಯ ಮಾತನ್ನು ಕನ್ನಡದಲ್ಲಿ ಗೋಡೆಗೆ ಬರೆಸಬೇಕೆಂದು ಸರ್ಕಾರದ ಇನ್‌ಸ್ಪೆಕ್ಟರು ತಾಕೀತು ಮಾಡಿದ್ದಾರಂತೆ. ಮ್ಯಾನೇಜರು ಒಂದು ಇಂಗ್ಲಿಷ್ ಹಾಳೆ ಕೊಟ್ಟು, ಹಂಗೇ ಕನ್ನಡಕ್ಕೆ ಇಳಿಸಿಕೊಡ್ರಿ ಎಂದರು. ಇಳಿಸಲು ಅದೇನು ಗಾಡಿಯ ಮೇಲಿನ ಹತ್ತಿ ಅಂಡಿಗೆಯೇ? ಆ ಹೆಂಗಸರಲ್ಲಿ ಓದು ಬಂದವರು ಕಡಿಮೆ, ಹಾಡು ಬಾರದವರು ಯಾರೂ ಇಲ್ಲ. ಗೋಡೆಯ ಮೇಲಿನದನ್ನು ಒಬ್ಬಳು ಓದಿದರೆ ಸಾಕು, ಉಳಿದವರ ಬಾಯಿಗೆ ತಾನಾಗಿ ಹೋಗುವಂತೆ ಪದ್ಯ ಕಟ್ಟಿಕೊಡುತ್ತೇನೆ ಎಂದೆ. ಅವರು ಗಡಿಯಾರ ನೋಡಿಕೊಂಡು, ಏನಾರ ಮಾಡ್ರಿ, ಆಯುಧಪೂಜೆಗೆ ಗೋಡೆ ಮೇಲಿರಬೇಕು ಎಂದರು.

ನೀಲಕ್ಕನಿಗೆ ಕೇಳಿದೆನೆಂದು ಹೇಳು. ನನ್ನ ತಂಗಿಯ ಮನೆಯೆಂದು ಹೆಚ್ಚು ಸಲಿಗೆ ತೋರಿಸಬೇಡ, ಕೆಲಸಕ್ಕೆ ಕೈ ಹಾಕು.

ಇಂತು, ಸಿಟ್ಟು ಇದ್ದರೂ ರೊಟ್ಟಿಹಿಟ್ಟು ಕಳಿಸುತ್ತಿರುವ
ನಿನ್ನ ಅಪ್ಪ,
ಗೋಣೆಪ್ಪ


ವಿನೋಬನಗರ, ದಾವಣಗೆರೆ
೨೦-೯-೧೯೬೬

ಅಪ್ಪನಿಗೆ ಸುಂಕಲಮ್ಮನ ನಮಸ್ಕಾರಗಳು.

ಹಿಟ್ಟು ತಲುಪಿತು, ಸಿಟ್ಟೂ ತಲುಪಿತು. ನನಗೆ ತಾಳ್ಮೆ ಜಾಸ್ತಿ ಎಂದು ಬರೆದಿದ್ದೀರಿ. ಈ ಕಾಗದ ಓದಿದ ಮೇಲೆ ಆ ಮಾತು ವಾಪಸ್ಸು ತೆಗೆದುಕೊಳ್ಳುತ್ತೀರಿ.

ರಾಮಚಂದ್ರಪ್ಪನವರು ಪಾಠ ಹೇಳುವ ರೀತಿ ಬೇರೆ. ಹೋದ ವಾರ ಕ್ಲಾಸಿಗೆ ಪಂಪ್ ಸ್ಟೌ, ಸೀಮೆಎಣ್ಣೆ ಸೀಸೆ, ಬೆಂಕಿಪೊಟ್ಟಣ ತಂದು ಮೇಜಿನ ಮೇಲಿಟ್ಟರು. ಸ್ಟೌ ಎಂದೂ ನೋಡದವನು ಹಚ್ಚುವ ಹಾಗೆ ಬರೆಯಿರಿ ಎಂದರು. ಎಲ್ಲರೂ ನಕ್ಕೆವು. ಬರೆದಾದ ಮೇಲೆ ದುರುಗಣ್ಣ ಎಂಬ ಹುಡುಗನನ್ನು ಮೇಜಿನ ಹತ್ತಿರ ನಿಲ್ಲಿಸಿದರು. ಅವರು ಒಂದೊಂದೇ ಕಾಗದ ಗಟ್ಟಿಯಾಗಿ ಓದುವುದು, ಅವನು ಕಿವಿಗೆ ಬಿದ್ದಷ್ಟನ್ನೇ ಮಾಡುವುದು. ಸ್ವಂತ ಬುದ್ಧಿ ಉಪಯೋಗಿಸಿದರೆ ಅವನಿಗೆ ದಂಡ. ಒಬ್ಬನ ಕಾಗದದ ಪ್ರಕಾರ ಅವನು ಸ್ಟೌ ಮೇಲೆಲ್ಲ ಎಣ್ಣೆ ಸುರಿದ, ಯಾಕೆಂದರೆ ಎಣ್ಣೆ ಹಾಕುವುದೆಲ್ಲಿಗೆ ಎಂದು ಅದರಲ್ಲಿ ಇರಲಿಲ್ಲ. ನನ್ನದರಲ್ಲಿ ಎಲ್ಲ ಇತ್ತು, ಪಂಪು ಹೊಡೆಯುವ ಮೊದಲು ಬರ್ನರು ಕಾಯಿಸಬೇಕು ಎಂಬುದೊಂದು ಬಿಟ್ಟು. ಜ್ವಾಲೆ ಮೊಳದುದ್ದ ಎದ್ದಿತು. ಮೇಷ್ಟ್ರು ಒದ್ದೆ ಗೋಣಿಚೀಲ ಮೊದಲೇ ಇಟ್ಟುಕೊಂಡಿದ್ದರು, ಹಾಕಿದರು. ದುರುಗಣ್ಣನ ಹುಬ್ಬಿನಲ್ಲಿ ಅರ್ಧ ಹೋಗಿದೆ.

ನಾನು ಎದ್ದು ನಿಂತು, ಬರ್ನರು ಕಾಯಿಸುವುದು ಯಾರಿಗೆ ಗೊತ್ತಿಲ್ಲ ಸಾರ್ ಎಂದೆ. ಬರೆದವರು ಪಕ್ಕದಲ್ಲಿ ನಿಂತಿರುವುದಿಲ್ಲ, ಕಾಗದ ಒಂದೇ ಇರುತ್ತದೆ ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ಕನ್ನಡ ಪಂಡಿತರು ಎಂದೆ. ‘ಅದಕ್ಕೇ’ ಎಂದರು.

ಇಡೀ ಕ್ಲಾಸು ನಕ್ಕಿತು. ಹುಬ್ಬು ಸುಟ್ಟುಕೊಂಡವನೂ ನಕ್ಕ. ಸೊನ್ನೆ ಸಿಕ್ಕಿದ್ದಕ್ಕೆ ನನಗೆ ಬೇಜಾರಿಲ್ಲ, ಅದು ನನ್ನ ಸೊನ್ನೆ. ಆ ‘ಅದಕ್ಕೇ’ ನಿಮ್ಮದು. ಅದನ್ನು ಇಟ್ಟುಕೊಳ್ಳಲು ನಾನು ತಯಾರಿಲ್ಲ, ಅವರಿಗೇ ತಿರುಗಿ ಕೊಡುತ್ತೇನೆ. ನಿಮ್ಮ ಪದ್ಯ ಆದ ಕೂಡಲೇ ಕಳಿಸಿ. ಗೋಡೆಯ ಮೇಲೆ ಬರೆದದ್ದನ್ನು ನೂರು ಜನ ಬಾಯಲ್ಲಿ ಹಾಡುತ್ತ ಕೆಲಸ ಮಾಡುತ್ತಾರೆಂದರೆ ಅದಕ್ಕಿಂತ ಟೆಕ್ನಿಕಲ್ ರೈಟಿಂಗ್ ಬೇರೇನಿದೆ?

ಅವ್ವನಿಗೆ ನಮಸ್ಕಾರ.

ನಿಮ್ಮ ಮಗಳು,
ಸುಂಕಲಮ್ಮ


ಹರಿಹರ
೨೭-೧೦-೧೯೬೬

ಚಿ. ಸುಂಕಲಮ್ಮನಿಗೆ ಆಶೀರ್ವಾದ.

‘ಅದಕ್ಕೇ’ ಎಂಬ ಮೂರಕ್ಷರಕ್ಕೆ ಉತ್ತರ ಕಟ್ಟುವುದರಲ್ಲಿ ಇಷ್ಟು ದಿನ ಹೋಯಿತು. ಕೆಳಗಿದೆ. ಅವರ ಮೇಜಿನ ಮೇಲಿಡು.

ಹತ್ತಿ ಸಿಕ್ಕರೆ ಸುತ್ತಿ ಹಲ್ಲಿಗೆ
ಎತ್ತು ಕೋಲಲಿ ಮೆಲ್ಲಗೆ;
ಒತ್ತಿ ಪಟ್ಟಾ ಪಕ್ಕ ಸರಿಸು,
ಸುತ್ತು ನಿಲ್ಲಲಿ ಅಲ್ಲಿಗೆ.

ನೋಡು. ನಾಲ್ಕೂ ಸಾಲಿನ ಎರಡನೆಯ ಅಕ್ಷರ ಒಂದೇ ಕುಲದ್ದು. ಕೊನೆಯಲ್ಲೂ ಪ್ರಾಸ. ಮಿಷನ್ನಿನೊಳಗೆ ತಿರುಗುವ ಹಲ್ಲಿನ ಉರುಳೆ ಇದೆ, ಸಿಕ್ಕಿದ ಹತ್ತಿಯನ್ನು ಬಿಡಿಸುವ ಕೋಲು ಇದೆ, ಉರುಳೆಯನ್ನು ತಿರುಗಿಸುವ ಪಟ್ಟಾ ಇದೆ, ಅದನ್ನು ಪಕ್ಕಕ್ಕೆ ಜಾರಿಸಿದರೆ ಸುತ್ತು ನಿಲ್ಲುತ್ತದೆ ಎಂಬುದೂ ಇದೆ. ಅವರ ಇಂಗ್ಲಿಷ್ ಹಾಳೆಯಲ್ಲಿ ಇದಕ್ಕೆ ಅರ್ಧ ಪುಟ ಹಿಡಿದಿತ್ತು.

ಆಯುಧಪೂಜೆಯ ದಿನ ಮಿಷನ್ನುಗಳಿಗೆಲ್ಲ ಕುಂಕುಮ ಹಚ್ಚಿ, ಗೋಡೆಯ ಮೇಲಿನ ಪದ್ಯಕ್ಕೂ ಹೂವಿನ ಸರ ಹಾಕಿದ್ದರು. ನೀಲಿ ಬಣ್ಣದಲ್ಲಿ ಮೊಳದುದ್ದದ ಅಕ್ಷರ, ಕೆಳಗೆ ನನ್ನ ಹೆಸರು. ಇನ್‌ಸ್ಪೆಕ್ಟರು ಬಂದು ತಲೆ ಮೇಲೆತ್ತಿ ಓದಿ ಭೇಷ್ ಎಂದು ಸಹಿ ಹಾಕಿ ಹೋದರು. ಹೆಂಗಸರಿಗೆ ನಾನೇ ಎರಡು ಸಲ ಹಾಡಿ ತೋರಿಸಿದೆ. ಮೂರನೆಯ ಸಲ ನಾನು ಬಾಯಿ ಬಿಡುವ ಮೊದಲೇ ಅಂಜಿನವ್ವ ಎಂಬ ಹಳೆಯ ಕೆಲಸದವಳು ಎತ್ತಿಕೊಂಡಳು, ಉಳಿದವರು ಹಿಂದೆ ಬಂದರು. ಸಂಜೆ ಗುತ್ತೂರಿನ ದಾರಿಯಲ್ಲಿ ಅದೇ ಹಾಡು ಹೋಗುತ್ತಿತ್ತು. ನಾನು ಚಹಾದಂಗಡಿಯ ಮುಂದೆ ಸುಮ್ಮನೆ ನಿಂತು ಕೇಳಿದೆ. ನನ್ನ ಯಾವ ಪದ್ಯವೂ ಇದುವರೆಗೆ ಸ್ಕೂಲಿನ ಕಾಂಪೌಂಡು ದಾಟಿರಲಿಲ್ಲ.

ಈಗ ಉರುಳೆಗಳಿಗೆ ಎಣ್ಣೆ ಹಾಕಿ ಮುಚ್ಚಿಟ್ಟಿದ್ದಾರೆ. ಪುಷ್ಯದ ಹೊತ್ತಿಗೆ ಹೊಸ ಹತ್ತಿ ಬಂದು ಮಿಷನ್ನು ಶುರುವಾದಾಗ ನಿನ್ನ ಲೆಕ್ಚರರನ್ನು ಕರೆದುಕೊಂಡು ಬಾ. ಬಾಗಿಲು ತೆರೆದೇ ಇರುತ್ತದೆ.

ಇಂತು, ಗರ್ವ ಪಡಬಾರದು ಎಂದು ಗೊತ್ತಿದ್ದರೂ ಪರ್ವಕಾಲದಲ್ಲಿ ಪಡುತ್ತಿರುವ
ನಿನ್ನ ಅಪ್ಪ,
ಗೋಣೆಪ್ಪ


ವಿನೋಬನಗರ
೨೧-೧೧-೧೯೬೬

ಅಪ್ಪನಿಗೆ ನಮಸ್ಕಾರಗಳು.

ಇದನ್ನು ಓದುವ ಮೊದಲು ನೀರು ಕುಡಿಯಿರಿ. ಅವ್ವನನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ.

ದೀಪಾವಳಿಗೆ ಬಂದಾಗ ನಾನೂ ಆ ಪದ್ಯವನ್ನು ನಿಮ್ಮ ಜೊತೆ ಹಾಡಿದೆ. ಇಲ್ಲಿಗೆ ಬಂದು ಅದನ್ನು ಕ್ಲಾಸಿಗೆ ಇಂಗ್ಲಿಷ್ ಮಾಡಲು ಕೂತೆ. ಪ್ರಾಸ ಬಿಟ್ಟು ಬರಿಯ ಕೆಲಸಗಳನ್ನು ಒಂದರ ಕೆಳಗೊಂದು ಬರೆದೆ. ಬರೆದು ನೋಡಿದರೂ ಕಾಣಲಿಲ್ಲ, ಅಷ್ಟು ಬಾಯಿಗೆ ಹತ್ತಿಬಿಟ್ಟಿತ್ತು. ಬರೆದದ್ದನ್ನು ಹೆಮ್ಮೆಯಿಂದ ರಾಮಚಂದ್ರಪ್ಪನವರಿಗೆ ಕೊಟ್ಟೆ. ಅವರು ಎಂದಿನಂತೆ ದುರುಗಣ್ಣನನ್ನು ಕರೆದರು. ಜಿನ್ನಿನ ಬದಲಿಗೆ ತಿರುಗುವ ಟೇಬಲ್ ಫ್ಯಾನು ಇಟ್ಟರು, ಕೋಲಿನ ಬದಲಿಗೆ ಪೆನ್ಸಿಲು, ಪಟ್ಟಾ ಎಂದರೆ ಸ್ವಿಚ್ಚು. ಓದಿದರು. ಮೊದಲ ಸಾಲಿಗೆ ಹತ್ತಿ ಸಿಕ್ಕಿತು ಎಂದುಕೊಂಡೆವು. ಎರಡನೆಯ ಸಾಲಿಗೆ ದುರುಗಣ್ಣ ಫ್ಯಾನಿನ ಜಾಲರಿಯೊಳಗೆ ಪೆನ್ಸಿಲು ತೂರಿಸಿದ. ಠಳ್ ಎಂದು ಚೂರಾಗಿ ಒಂದು ತುಂಡು ಕಪ್ಪುಹಲಗೆಗೆ ಬಡಿಯಿತು. ಸ್ವಿಚ್ಚು ಆರಿಸುವ ಸಾಲು ಇನ್ನೂ ಬಂದೇ ಇರಲಿಲ್ಲ.

ಯಾರೂ ನಗಲಿಲ್ಲ. ಮೇಷ್ಟ್ರು ಕಾಗದ ಕೆಳಗಿಟ್ಟರು. ಕ್ಲಾಸಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದವರು, ‘ಇದನ್ನ ಎಲ್ಲಿ ಬರೆಸ್ಯಾರಮ್ಮ?’ ಎಂದು ಕೇಳಿದರು. ಹರಿಹರದ ಜಿನ್ನಿನ ಗೋಡೆಯ ಮೇಲೆ ಎಂದೆ. ‘ಹತ್ತಿ ಬರೋದ್ರೊಳಗ ಅಳಿಸೋಕೆ ಹೇಳು’ ಎಂದರು. ‘ಅದಕ್ಕೇ’ ಎಂದೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿಯಿತ್ತು, ಜಗಳವಾದರೂ ಆಡುತ್ತಿದ್ದೆ.

ಅಪ್ಪ, ಪಟ್ಟಾ ಸರಿಸುವುದು ಮೊದಲು ಬರಬೇಕು. ನಿಮ್ಮ ಪದ್ಯದಲ್ಲಿ ಮಿಷನ್ನು ತಿರುಗುತ್ತಿರುವಾಗಲೇ ಕೋಲು ಹಾಕು ಎಂದಿದೆ. ಈ ಭಾನುವಾರ ಬರುತ್ತೇನೆ. ಇಬ್ಬರೂ ಹೋಗಿ ಮ್ಯಾನೇಜರಿಗೆ ಹೇಳೋಣ.

ಸುಂಕಲಮ್ಮ


ಹರಿಹರ
೨೯-೧೧-೧೯೬೬

ಸುಂಕಲಮ್ಮನಿಗೆ.

ಭಾನುವಾರ ನೀನು ಊಟ ಬಿಟ್ಟು ಎದ್ದು ಹೋದೆ. ನಿನ್ನವ್ವ ಬಸ್ಸಿನವರೆಗೆ ಬುತ್ತಿ ಹಿಡಿದು ಓಡಿದಳು. ಬಸ್ಸು ಹೋಯಿತು, ಬುತ್ತಿ ಮನೆಗೆ ಬಂತು, ಅವಳು ನನ್ನ ಜೊತೆ ಮಾತು ಬಿಟ್ಟಳು. ನಿನ್ನ ಕಾಲೇಜು ನಮ್ಮ ಮನೆಗೆ ಮಾಡಿದ ಉಪಕಾರ ಇದು.

ಎದುರಿಗೆ ಹೇಳಲು ನೀನು ಬಿಡಲಿಲ್ಲ, ಈಗ ಓದು. ಪದ್ಯವೆಂದರೆ ಸಾಮಾನಿನ ಚೀಟಿಯಲ್ಲ. ಪದ್ಯಕ್ಕೆ ಅನ್ವಯ ಎಂಬುದೊಂದಿದೆ. ಮಾತುಗಳು ಛಂದಸ್ಸಿಗಾಗಿ ಹಿಂದೆಮುಂದೆ ಕೂತಿರುತ್ತವೆ. ಓದುವವರು ಅವನ್ನು ಎತ್ತಿ ಗದ್ಯದ ಸಾಲಿನಲ್ಲಿ ಕೂಡಿಸಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ನನ್ನ ಎಂಟನೆಯ ಕ್ಲಾಸಿನ ಮಕ್ಕಳು ದಿನವೂ ಮಾಡುವ ಕೆಲಸ ಅದು. ಅನ್ವಯ ಮಾಡಿದರೆ ನನ್ನ ಪದ್ಯ ಹೇಳುವುದು ಇಷ್ಟು: ಹತ್ತಿ ಸಿಕ್ಕರೆ, ಪಟ್ಟಾ ಸರಿಸಿ, ಸುತ್ತು ನಿಂತ ಮೇಲೆ, ಕೋಲಿನಿಂದ ಎತ್ತು. ಎಲ್ಲಿದೆ ತಪ್ಪು? ಯಾವನೋ ಒಬ್ಬ ಅರ್ಧ ಹುಬ್ಬಿನವನು ಪದ್ಯವನ್ನು ಸಾಲು ಸಾಲಾಗಿ ಹರಿದು ಫ್ಯಾನಿಗೆ ಪೆನ್ಸಿಲು ತೂರಿಸಿದರೆ ಅದು ಅವನ ತಪ್ಪೋ, ಪದ್ಯದ್ದೋ?

ಕೆಳಗಿನೆರಡು ಸಾಲು ಮೇಲೆ ತಂದರೆ ಸಾಕು ಎಂದೆ ನೀನು. ಹತ್ತಿಯ ಮಾತೇ ಬಾರದೆ ‘ಒತ್ತಿ ಪಟ್ಟಾ’ ಎಂದು ಶುರುಮಾಡಿದರೆ ಯಾವ ಪಟ್ಟಾ, ಯಾಕೆ ಸರಿಸಬೇಕು ಎಂದು ಯಾರಿಗೆ ತಿಳಿಯುತ್ತದೆ? ತಲೆಯ ಜಾಗದಲ್ಲಿ ಕಾಲು ಇಟ್ಟರೆ ಅದು ತಿದ್ದುಪಡಿ ಅಲ್ಲ, ಶೀರ್ಷಾಸನ. ಇನ್ನು ಆ ಹೆಂಗಸರು. ತಿರುಗುವ ಉರುಳೆಗೆ ಕೋಲು ಹಾಕಬಾರದು ಎಂದು ತಿಳಿಯದಷ್ಟು ದಡ್ಡರೇ ಅವರು? ನೀನೇ ಅವರಿಗೆ ಅವಮಾನ ಮಾಡುತ್ತಿದ್ದೀಯೆ.

ನಾಲ್ಕು ದಿನ ಇಂಗ್ಲಿಷಿನಲ್ಲಿ ಬರೆಯಲು ಕಲಿತವಳು ನಲವತ್ತಾರು ವರ್ಷ ಕನ್ನಡದಲ್ಲಿ ಉಸಿರಾಡಿದವನಿಗೆ ಪಾಠ ಹೇಳಬೇಡ. ಗೋಡೆ ಹಾಗೇ ಇರುತ್ತದೆ.

ಗೋಣೆಪ್ಪ


ವಿನೋಬನಗರ
೫-೧೨-೧೯೬೬

ಅಪ್ಪನಿಗೆ.

ಆಶೀರ್ವಾದವಿಲ್ಲದ ನಿಮ್ಮ ಕಾಗದ ಇದೇ ಮೊದಲು. ಅದನ್ನೂ ಅನ್ವಯ ಮಾಡಿಕೊಂಡು ಎಲ್ಲೋ ಇದೆ ಎಂದು ತಿಳಿದುಕೊಳ್ಳುತ್ತೇನೆ.

ಒಂದೇ ಪ್ರಶ್ನೆ. ಹತ್ತಿ ಸಿಕ್ಕು ಮಿಷನ್ನು ಕಿರುಚುವಾಗ, ಕೆಲಸ ಮಾಡಿಸುವ ಮುಕಾದಮ ಹಿಂದಿನಿಂದ ಬೈಯುವಾಗ, ಯಾವ ಹೆಂಗಸು ನಾಲ್ಕೂ ಸಾಲು ಹಾಡಿ ಮುಗಿಸಿ, ಗದ್ಯದಲ್ಲಿ ಕೂಡಿಸಿಕೊಂಡು, ಆಮೇಲೆ ಕೈ ಹಾಕುತ್ತಾಳೆ? ಹಳಬರಿಗೆ ಗೊತ್ತಿರುತ್ತದೆ, ಒಪ್ಪಿದೆ. ಗೊತ್ತಿದ್ದವರಿಗೆ ಗೋಡೆ ಯಾಕೆ ಬೇಕು? ಗೋಡೆ ಬೇಕಾದದ್ದು ಈ ಸಲ ಹೊಸದಾಗಿ ಬರುವವಳಿಗೆ.

ನಾನು ಅವರ ಕಡೆಗೆ ಸೇರಿದೆ ಎಂದು ನಿಮಗೆ ಅನ್ನಿಸಿದೆ. ಮೊನ್ನೆ ಏನಾಯಿತು ಕೇಳಿ. ಕಾಲೇಜಿನ ವಸ್ತುಪ್ರದರ್ಶನದಲ್ಲಿ ನಿಮ್ಮ ಪದ್ಯವನ್ನು ದೊಡ್ಡ ಹಾಳೆಯಲ್ಲಿ ಬರೆದು, ಮೇಲೆ ‘ತಪ್ಪು ಮಾದರಿ’ ಎಂದು ತೂಗುಹಾಕುವುದಾಗಿ ರಾಮಚಂದ್ರಪ್ಪನವರು ಹೇಳಿದರು. ನನಗೆ ಮೈ ಉರಿಯಿತು. ಅಪಾಯ ಇರುವುದು ಹರಿಹರದಲ್ಲಿ, ಹಾಳೆ ತೂಗುವುದು ದಾವಣಗೆರೆಯಲ್ಲಿ. ತಪ್ಪು ಕಂಡುಹಿಡಿದ ಮೇಲೆ ಅಲ್ಲಿಯವರೆಗೆ ಹೋಗಿ ಹೇಳುವುದು ನಿಮ್ಮ ಸಿಲಬಸ್ಸಿನಲ್ಲಿ ಇಲ್ಲವೇ ಸಾರ್ ಎಂದು ಕೇಳಿದೆ. ಕ್ಲಾಸಿನಿಂದ ಹೊರಗೆ ಹಾಕಿದರು. ಹಾಕಲಿ.

ನಾನೇ ಮ್ಯಾನೇಜರಿಗೆ ಕಾಗದ ಬರೆದಿದ್ದೇನೆ. ಉತ್ತರ ಬಂದಿಲ್ಲ. ಪಂಡಿತರ ಪದ್ಯ, ಪಂಡಿತರು ಹೇಳಲಿ ಎಂದುಕೊಂಡಿರಬೇಕು. ಹೇಳಬೇಕಾದವರು ನೀವು. ಪುಷ್ಯ ಹತ್ತಿರ ಬರುತ್ತಿದೆ.

ಸುಂಕಲಮ್ಮ


(ಕಾರ್ಡು)
ವಿನೋಬನಗರ
೨೬-೧೨-೧೯೬೬

ಅಪ್ಪನಿಗೆ ನಮಸ್ಕಾರ. ಕಾಗದ ಯಾಕಿಲ್ಲ? ಹತ್ತಿ ಗಾಡಿಗಳು ಹರಿಹರದ ಕಡೆಗೆ ಹೋಗುತ್ತಿವೆ ಎಂದು ಅತ್ತೆ ಹೇಳಿದರು. ಬಯ್ದಾದರೂ ಬರೆಯಿರಿ.
ಸು.


ಹರಿಹರ
೯-೧-೧೯೬೭

ಚಿ. ಸುಂಕಲಮ್ಮನಿಗೆ ಆಶೀರ್ವಾದ.

ನಿನ್ನನ್ನು ಸೋಲಿಸಲೆಂದೇ ಶನಿವಾರ ಮಧ್ಯಾಹ್ನ ಜಿನ್ನಿಗೆ ಹೋದೆ. ಹೆಂಗಸರು ಹೇಗೆ ಅರ್ಥ ಮಾಡಿಕೊಂಡಿದ್ದಾರೆ ಎಂದು ಅವರ ಬಾಯಿಂದಲೇ ಕೇಳಿ, ನಿನಗೆ ಬರೆದು, ಪ್ರಕರಣ ಮುಗಿಸುವ ಯೋಚನೆ.

ಒಳಗೆ ನಿಂತರೆ ನಮ್ಮ ಮಾತು ನಮಗೇ ಕೇಳಿಸದಷ್ಟು ಸದ್ದು. ಆ ಸದ್ದಿನ ಮೇಲೆ ನನ್ನ ಪದ್ಯ. ಅಂಜಿನವ್ವನ ಹತ್ತಿರ ಹೋಗಿ, ಹತ್ತಿ ಸಿಕ್ಕರೆ ಮೊದಲು ಏನು ಮಾಡುತ್ತೀಯವ್ವ ಎಂದು ಕೇಳಿದೆ. ಪಟ್ಟಾ ಜಾರಿಸುವುದು ಎಂದಳು. ಮತ್ತೆ ಹಾಡಿನಲ್ಲಿ ಬೇರೆ ಥರ ಇದೆಯಲ್ಲ ಎಂದೆ. ಅವಳು ನಕ್ಕಳು. ಅದು ಹಾಡ್ರಿ ಯಪ್ಪಾ, ಕೆಲಸ ನಾವು ಮೊದ್ಲಿಂದ ಮಾಡ್ದಂಗೇ ಮಾಡ್ತೀವಿ ಎಂದಳು. ನನಗೆ ಆದ ಸಂತೋಷ ಹೇಳತೀರದು. ಅನ್ವಯ ಗೆದ್ದಿತು. ನಿನಗೆ ಬರೆಯಬೇಕಾದ ಕಾಗದದ ಮೊದಲ ಸಾಲು ಬಾಯಲ್ಲಿ ಕಟ್ಟಿಕೊಳ್ಳುತ್ತ ಬಾಗಿಲಿನ ಕಡೆ ತಿರುಗಿದೆ.

ಕೊನೆಯ ಮಿಷನ್ನಿನ ಮುಂದೆ ತಿಪ್ಪಮ್ಮ ಎಂಬ ಹುಡುಗಿ. ಗುತ್ತೂರಿನವಳು, ಈ ಸುಗ್ಗಿಗೇ ಕೆಲಸಕ್ಕೆ ಸೇರಿದವಳು, ನಿನ್ನ ವಯಸ್ಸು. ಹತ್ತಿ ಸಿಕ್ಕಿತು. ಅವಳು ಹಾಡುತ್ತಿದ್ದಳು. ‘ಎತ್ತು ಕೋಲಲಿ’ ಎನ್ನುತ್ತ ಕೋಲು ಹಾಕಿದಳು. ಉರುಳೆ ಕೋಲನ್ನು ಎಳೆಯಿತು, ಬಿಗಿಯಾಗಿ ಹಿಡಿದಿದ್ದರಿಂದ ಕೈಯೂ ಅದರ ಹಿಂದೆ ಹೋಯಿತು. ಮಿಸ್ತ್ರಿ ಕರೀಂ ಸಾಬ್ ಪಕ್ಕದಲ್ಲಿ ಇದ್ದವನು ಕಾಲಿನಿಂದ ಒದ್ದು ಪಟ್ಟಾ ಹಾರಿಸಿದ. ಬಳೆಗಳೆಲ್ಲ ಚೂರಾದವು. ಅಂಗೈಯ ತೊಗಲು ಸುಲಿದಿದೆ. ಬೆರಳುಗಳು ಹಲ್ಲಿನ ಅಂಚಿಗೆ ಹೋಗಿ ನಿಂತಿದ್ದವು.

ಮುಕಾದಮ ಅವಳನ್ನೇ ಬೈಯತೊಡಗಿದ. ಕಣ್ಣು ಕಾಣುವುದಿಲ್ಲವೇ, ತಲೆಯಲ್ಲಿ ಮಿದುಳು ಇಲ್ಲವೇ ಎಂದ. ಅವಳು ಅಳುತ್ತಿರಲಿಲ್ಲ. ರಕ್ತ ಸುರಿಯುವ ಕೈ ಹಿಡಿದುಕೊಂಡು ಗೋಡೆಯ ಕಡೆ ತೋರಿಸಿ,

‘ಹಾಡಿನಾಗ ಹಂಗೇ ಐತಲ್ರಿ’ ಎಂದಳು.

ಅಲ್ಲಿಂದ ಸೀದಾ ಮ್ಯಾನೇಜರ ಕೋಣೆಗೆ ಹೋದೆ. ಪದ್ಯ ತಪ್ಪಿದೆ, ಈಗಲೇ ಅಳಿಸಿ, ಬೇರೆ ಬರೆದುಕೊಡುತ್ತೇನೆ ಎಂದೆ. ಅವರು ಕುರ್ಚಿಯಿಂದ ಏಳಲಿಲ್ಲ. ಅವರ ಮಾತು ಇದ್ದದ್ದು ಇದ್ದಂತೆ ಬರೆಯುತ್ತೇನೆ, ನೀನೇ ನೋಡು: ‘ಆ ಬೋರ್ಡು ಇನ್‌ಸ್ಪೆಕ್ಟರು ನೋಡಾಕ, ಪಂಡಿತರೆ. ಅವ್ರು ನೋಡಿ ಸಹಿ ಹಾಕ್ಯಾರ. ಈಗ ಅಳಿಸಿದ್ರೆ ತಪ್ಪಿತ್ತು ಅಂತ ನಾವೇ ಒಪ್ಕೊಂಡಂಗ ಆಗ್ತೈತೆ. ನೀವು ಮನೀಗೆ ಹೋಗ್ರಿ.’

ಸುಂಕಲಮ್ಮ, ನಾನು ಹೆಂಗಸರಿಗೆಂದು ಬರೆದೆ. ಅವರು ಇನ್‌ಸ್ಪೆಕ್ಟರಿಗೆಂದು ಬರೆಸಿದರು. ಆ ಹುಡುಗಿಯೊಬ್ಬಳೇ ಅದನ್ನು ನಿಜವೆಂದು ನಂಬಿದಳು. ಇಡೀ ಫ್ಯಾಕ್ಟರಿಯಲ್ಲಿ ನನ್ನ ಮಾತಿಗೆ ಬೆಲೆ ಕೊಟ್ಟವಳ ಕೈ ಸುಲಿಯಿತು.

ಮೂಲೆಯಲ್ಲಿ ಗೋಡೆಗೆ ಬಳಿಯಲು ಕಲಸಿಟ್ಟ ಸುಣ್ಣದ ಬಕೀಟು ಇತ್ತು. ಎತ್ತಿಕೊಂಡೆ. ಬೆಂಚಿನ ಮೇಲೆ ಹತ್ತಿ ಒಂದೊಂದೇ ಸಾಲು ಬಳಿದೆ. ಕೋಟಿನ ಮೇಲೆಲ್ಲ ಸುಣ್ಣ. ಮ್ಯಾನೇಜರು ಕೆಳಗೆ ನಿಂತು ಪೊಲೀಸು, ನಮ್ಮ ಸ್ಕೂಲ್ ಬೋರ್ಡಿನ ಅಧ್ಯಕ್ಷರು ಎಂದೆಲ್ಲ ಕೂಗುತ್ತಿದ್ದರು. ನನ್ನ ಹೆಸರನ್ನು ಕೊನೆಗೆ ಬಳಿದೆ, ಎರಡು ಸಲ ಬಳಿದೆ.

ಗೋಡೆ ಬೆಳ್ಳಗಾಯಿತು. ನಾನು ಗೇಟು ದಾಟುವಷ್ಟರಲ್ಲಿ ಒಳಗೆ ಮಿಷನ್ನು ಮತ್ತೆ ಶುರುವಾಯಿತು, ಅದರ ಜೊತೆ ಅದೇ ಹಾಡೂ ಶುರುವಾಯಿತು. ಬಾಯಿಗೆ ಸುಣ್ಣ ಬಳಿಯುವುದು ಹೇಗೆ? ಮಗಳೇ, ಪ್ರಾಸ ಎಷ್ಟು ಗಟ್ಟಿ ಎಂದು ಮಕ್ಕಳಿಗೆ ಪಾಠ ಹೇಳುತ್ತ ಬಂದವನಿಗೆ ಅದು ಈಗ ಗೊತ್ತಾಗಿದೆ.

ನಿನ್ನ ಕ್ಲಾಸಿನ ರೀತಿಯಲ್ಲಿ ಬರೆದು ಕಳಿಸು. ಯಾವುದು ಮೊದಲು, ಯಾವುದು ಆಮೇಲೆ. ಕೂಡಲೇ ಕಳಿಸು. ಆ ಹಾಡನ್ನು ಓಡಿಸಲು ಇನ್ನೊಂದು ಹಾಡೇ ಬೇಕು.

ಅಪ್ಪ


ವಿನೋಬನಗರ
೧೧-೧-೧೯೬೭

ಅಪ್ಪನಿಗೆ ನಮಸ್ಕಾರಗಳು.

ಕಾಗದ ಅತ್ತೆಗೂ ಓದಿ ಹೇಳಿದೆ. ನನ್ನಣ್ಣ ಬೆಂಚಿನ ಮೇಲೆ ಹತ್ತಿದನಾ ಎಂದು ಎರಡೆರಡು ಸಲ ಕೇಳಿದರು. ತಿಪ್ಪಮ್ಮನ ಕೈ ಹೇಗಿದೆ? ಔಷಧಿ ಯಾರು ಕೊಡಿಸಿದರು? ಮ್ಯಾನೇಜರಂತೂ ಕೊಡಿಸಿರುವುದಿಲ್ಲ.

ಮೊದಲು ಕೈ ಹಿಂದಕ್ಕೆ ತೆಗೆಯುವುದು. ಇದು ಆ ಇಂಗ್ಲಿಷ್ ಹಾಳೆಯಲ್ಲೂ ಇರಲಿಕ್ಕಿಲ್ಲ. ಆಮೇಲೆ ಪಟ್ಟಾ ಜಾರಿಸುವುದು. ಆಮೇಲೆ ಉರುಳೆ ನಿಂತಿತೇ ಎಂದು ನೋಡುವುದು, ಪಟ್ಟಾ ಜಾರಿದ ಮೇಲೂ ಅದು ಸ್ವಲ್ಪ ಹೊತ್ತು ತಿರುಗುತ್ತದೆ. ನಿಂತ ಮೇಲೆ ಕೋಲು.

ಒಂದು ಸಾಲಿಗೆ ಒಂದೇ ಕೆಲಸ ಇಡಿ. ಯಾವ ಸಾಲಿಗೆ ಹಾಡು ನಿಂತುಹೋದರೂ ಕೈ ಉಳಿದಿರಬೇಕು. ಪ್ರಾಸ ಸಿಗದಿದ್ದರೆ ಬಿಡಿ, ಅಪ್ಪ. ದಯವಿಟ್ಟು ಬಿಡಿ.

ರಾಮಚಂದ್ರಪ್ಪನವರಿಗೆ ಹೇಳಿದೆ. ಆ ಹಾಳೆ ತೂಗುಹಾಕುವುದಿಲ್ಲ ಎಂದರು. ಹರಿಹರಕ್ಕೆ ಬರುತ್ತೀರಾ ಎಂದು ಕೇಳಿದೆ. ಪರೀಕ್ಷೆ ಪೇಪರು ಇವೆಯಂತೆ.

ನಿಮ್ಮ,
ಸುಂಕಲಮ್ಮ


ಹರಿಹರ
೧೨-೪-೧೯೬೭

ಚಿ. ಸುಂಕಲಮ್ಮನಿಗೆ ಆಶೀರ್ವಾದ.

ನಿನಗೆ ಪರೀಕ್ಷೆ ಎಂದು ಇಷ್ಟು ದಿನ ಕಾರ್ಡಿನಲ್ಲೇ ಮುಗಿಸಿದೆ. ಈಗ ಪೂರ್ತಿ ಕೇಳು.

ನಿನ್ನ ಕಾಗದ ಬಂದ ದಿನವೇ ಕಟ್ಟಿದೆ. ಇದಕ್ಕೆ ಪದ್ಯ ಎನ್ನಲು ನನ್ನ ಬಾಯಿ ಬರುವುದಿಲ್ಲ.

ಸಿಕ್ಕಿತೇ ಹತ್ತಿ? ತಗಿ ತಗಿ ಕೈಯ.
ತಳ್ಳೇ ಪಟ್ಟಾ ಪಕ್ಕಕ್ಕೆ.
ನಿಂತಿತೇ ಉರುಳೆ? ನೋಡೇ ತಂಗಿ.
ನಿಂತರೆ ಮಾತ್ರ ಕೋಲು ತಗೋ.

ಫ್ಯಾಕ್ಟರಿಯ ಗೇಟಿನಲ್ಲಿ ನನ್ನನ್ನು ಒಳಗೆ ಬಿಡಬಾರದೆಂದು ಕಾವಲಿನವನಿಗೆ ಹೇಳಿದ್ದರು. ಸರಿ, ಹೆಂಗಸರು ಮುಂಜಾನೆ ಗುತ್ತೂರಿನಿಂದ ನಡೆದು ಬರುವ ದಾರಿ ಮ್ಯಾನೇಜರದ್ದಲ್ಲವಲ್ಲ. ಅಲ್ಲಿ ಹೋಗಿ ನಿಂತೆ. ಅವರ ಜೊತೆ ನಡೆಯುತ್ತ ಹಾಡಿದೆ. ನಕ್ಕರು. ಹಳೇದರ ರಾಗ ಚೆಂದಿತ್ರಿ ಎಂದರು. ಮರುದಿನ ಹಳೆಯದನ್ನೇ ಹಾಡುತ್ತ ಬಂದರು. ಕಟ್ಟೆಯ ಮೇಲೆ ಕೂತವರಿಗೆ ಕೆಲಸ ಸಿಕ್ಕಿತು: ಪಂಡಿತರು ಹೆಂಗಸರ ಹಿಂದೆ ಹಾಡಿಕೊಂಡು ಹೊಂಟಾರ ಎಂದು.

ಅದು ನಿನ್ನವ್ವನ ಕಿವಿಗೆ ಬಿತ್ತು. ಬಯ್ಯುತ್ತಾಳೆ ಎಂದುಕೊಂಡೆ. ಮಾರನೆಯ ದಿನ ಸೆರಗು ಬಿಗಿದುಕೊಂಡು ನನಗಿಂತ ಮೊದಲು ಹೊಸಿಲು ದಾಟಿದಳು. ಬೀಸುವ ಪದದ ಧಾಟಿಯಲ್ಲಿ ಎತ್ತಿಕೊಂಡಳು ನೋಡು, ನನ್ನ ಮುರುಕು ಸಾಲುಗಳಿಗೆ ಎಲ್ಲಿಂದಲೋ ಕಾಲು ಬಂತು. ‘ತಗಿ ತಗಿ’ ಎನ್ನುವಾಗ ಎಲ್ಲರೂ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು ಎಂದು ಹೇಳಿಕೊಟ್ಟಳು. ತಲೆಯ ಮೇಲೆ ಬುತ್ತಿ ಇದ್ದವರೂ ಎಳೆದುಕೊಂಡರು, ಒಬ್ಬಳ ಬುತ್ತಿ ಬಿತ್ತು. ಆವತ್ತಿನಿಂದ ಹಳೆಯ ಹಾಡು ಸೋಲತೊಡಗಿತು. ತಿಪ್ಪಮ್ಮ ಕೈ ವಾಸಿಯಾಗಿ ಕೆಲಸಕ್ಕೆ ಬಂದವಳು, ಒಳಗೆ ಯಾರಾದರೂ ಅಭ್ಯಾಸದಿಂದ ‘ಹತ್ತಿ ಸಿಕ್ಕರೆ’ ಎಂದು ಎತ್ತಿದರೆ, ಬ್ಯಾಡ ಬಿಡ್ರೇ ಎಂದು ಹೊಸದನ್ನು ಅದರ ಮೇಲೆ ಕೂಗಿ ಹಾಡುತ್ತಾಳಂತೆ. ಕರೀಂ ಸಾಬ್ ಹೇಳಿದ.

ಇನ್ನು ನನ್ನ ಕಥೆ. ಫ್ಯಾಕ್ಟರಿಯ ಗೋಡೆ ಕೆಡಿಸಿದ್ದಕ್ಕೆ ಬೋರ್ಡಿನವರು ವಿವರಣೆ ಕೇಳಿದರು, ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಬರೆದೆ, ನಡೆದದ್ದು ನಡೆದಂತೆ, ಒಂದು ಸಾಲಿಗೆ ಒಂದೇ ಸಂಗತಿ. ಮೊದಲ ಸಾಲು: ನಾನು ಬರೆದದ್ದು ತಪ್ಪಿತ್ತು. ಎರಡನೆಯದು: ಹೇಳಿದೆ, ಅಳಿಸಲಿಲ್ಲ. ಮೂರನೆಯದು: ಅಳಿಸಿದೆ. ನಿನ್ನ ಲೆಕ್ಚರರು ನೋಡಿದ್ದರೆ ಪೂರ್ತಿ ಮಾರ್ಕು ಕೊಡುತ್ತಿದ್ದರು. ಬೋರ್ಡಿನವರು ವರ್ಗಾವಣೆ ಕೊಟ್ಟಿದ್ದಾರೆ. ಜೂನಿನಿಂದ ನಂದಿಗುಡಿಯ ಮಿಡಲ್ ಸ್ಕೂಲು. ಹೈಸ್ಕೂಲಿನ ಪಂಡಿತನಿಗೆ ಅ ಆ ಇ ಈ. ಮ್ಯಾನೇಜರಲ್ಲಿ ಕ್ಷಮೆ ಕೇಳಿದರೆ ರದ್ದು ಮಾಡುತ್ತೇವೆ ಎಂದು ಅಧ್ಯಕ್ಷರು ಮನೆಗೇ ಹೇಳಿಕಳಿಸಿದರು. ಯಾವ ತಪ್ಪಿಗೆ ಎಂದು ತಿರುಗಿ ಕೇಳಿಕಳಿಸಿದೆ. ವರ್ಗಾವಣೆ ಹಾಗೇ ಉಳಿಯಿತು. ತಪ್ಪು ಮಾಡಿದಾಗ ಹಾರ ಹಾಕಿದರು, ತಿದ್ದಿದಾಗ ಊರು ಬಿಡಿಸಿದರು. ಈ ವ್ಯವಹಾರಕ್ಕೆ ಯಾವ ಅನ್ವಯವೂ ಹೊಂದುವುದಿಲ್ಲ.

ಇನ್ನೂ ಒಂದಿದೆ. ಹೋದ ತಿಂಗಳು ಇನ್‌ಸ್ಪೆಕ್ಟರು ಮತ್ತೆ ಬರುತ್ತಾರೆಂದು ಮ್ಯಾನೇಜರು ಗೋಡೆಗೆ ಅದೇ ಪದ್ಯವನ್ನು ಹೊಸದಾಗಿ ಬರೆಸಿದ್ದಾರೆ. ಬಣ್ಣ ಈ ಸಲ ಕೆಂಪು. ಕೆಳಗೆ ನನ್ನ ಹೆಸರು ಮೊದಲಿಗಿಂತ ದಪ್ಪ. ಇನ್‌ಸ್ಪೆಕ್ಟರು ಬಂದರು, ತಲೆ ಮೇಲೆತ್ತಿ ಓದಿದರು, ಭೇಷ್ ಎಂದರು, ಸಹಿ ಹಾಕಿದರು. ಅವರು ಓದುತ್ತಿದ್ದಾಗ ಕೊನೆಯ ಮಿಷನ್ನಿನಲ್ಲಿ ಹತ್ತಿ ಸಿಕ್ಕಿತಂತೆ. ಹೆಂಗಸರು ಆ ಕೆಂಪಕ್ಷರಗಳಿಗೆ ಬೆನ್ನು ಹಾಕಿ ಕೂತೇ ಹಾಡಿದರಂತೆ, ತಗಿ ತಗಿ ಕೈಯ.

ನಿನ್ನೆ ಸುಗ್ಗಿ ಮುಗಿದು ಮಿಷನ್ನುಗಳಿಗೆ ಗೋಣಿ ಮುಚ್ಚಿದರು. ಗೋಡೆಯ ಮೇಲಿನದರಲ್ಲಿ ಪ್ರಾಸ ತಪ್ಪಿಲ್ಲ, ಮಾತ್ರೆ ಕೆಟ್ಟಿಲ್ಲ, ಹೆಸರಿದೆ. ಬಾಯಲ್ಲಿ ಇರುವುದರಲ್ಲಿ ಪ್ರಾಸ ಸತ್ತಿದೆ, ಮಾತ್ರೆ ಎರಡು ಕಡೆ ಕೆಟ್ಟಿದೆ, ಹೆಸರಿಲ್ಲ.

ತಿಪ್ಪಮ್ಮನದಾದ ಮೇಲೆ ಒಬ್ಬರ ಕೈಗೂ ಏನೂ ಆಗಲಿಲ್ಲ.

ನಿನ್ನ ಅಪ್ಪ,
ಗೋಣೆಪ್ಪ